ಬೆಳ್ಳುಳ್ಳಿ ಹಚ್ಚಿದ ದಬ್ಬಣ

ಗಡಿಯಾಚೆಯ ಜತ್ತದಲ್ಲಿ ಬಾರಾವಿ, ಅಂದರೆ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಕಥೆ ಹೇಳುವ ಚಟ. ಅಯಸ್ಕಾಂತದ ಪಾಠ ಬಂದರೆ ಸಾಕು, ಎಲಿಜಬೆತ್ ರಾಣಿಯ ಕಾಲದ ಒಬ್ಬ ವೈದ್ಯನನ್ನು ಎಳೆದು ತರುತ್ತೇನೆ. ಆಗ ಇಂಗ್ಲೆಂಡಿನ ವ್ಯಾಪಾರ ಹಡಗಿನ ಮೇಲೆ, ಹಡಗಿನ ಜೀವ ದಿಕ್ಸೂಚಿಯ ಮುಳ್ಳಿನ ಮೇಲೆ. ಬೆಳ್ಳುಳ್ಳಿ ತಾಗಿದರೆ ಮುಳ್ಳಿನ ಶಕ್ತಿ ಹೋಗುತ್ತದೆಂದು ನಾವಿಕರು ಹೆದರುತ್ತಿದ್ದರು. ಈ ವೈದ್ಯ ಅಯಸ್ಕಾಂತಕ್ಕೆ ಬೆಳ್ಳುಳ್ಳಿ ಸವರಿಯೇ ನೋಡಿದ, ಏನೂ ಆಗಲಿಲ್ಲ. ನಾನೂ ಮೇಜಿನ ಮೇಲೆ ಹಾಗೇ ಮಾಡಿ ತೋರಿಸುತ್ತೇನೆ. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ.

ಒಂದು ವರ್ಷ ಕರಜಗಿ ಕಡೆಯ ಕುರಿಗಾರರ ಹುಡುಗಿಯೊಬ್ಬಳು ನಗಲಿಲ್ಲ. ಹತ್ತು ದಿನ ಬಿಟ್ಟು, ಕಂಬಳಿ ಹೊಲಿಯುವ ಎರಡು ದಬ್ಬಣ ತಂದು ನನ್ನ ಮುಂದಿಟ್ಟಳು.

“ನೀವು ಒಂದ ಸಲ ಹಚ್ಚಿ ನೋಡಿದ್ರಿ ಸರ್. ನಾ ಇವನ್ನ ಅಯಸ್ಕಾಂತಕ್ಕ ತಿಕ್ಕಿ, ಒಂದಕ್ಕ ಎಂಟ ದಿನಾ ಬೆಳ್ಳುಳ್ಳಿ ಹಚ್ಚೀನ್ರಿ. ಇನ್ನೊಂದಕ್ಕ ಹಚ್ಚಿಲ್ಲ. ಎರಡೂ ಗುಂಡಸೂಜಿ ಎತ್ತತಾವ ನೋಡ್ರಿ.”

ಹಚ್ಚದ್ದನ್ನೂ ಜೊತೆಗಿಟ್ಟು ಹೋಲಿಸಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ದೀಪಾವಳಿ ಮುಗಿಯುತ್ತಲೇ ಅವಳ ಅಪ್ಪ ಅವಳನ್ನು ಕರೆದುಕೊಂಡು, ಕಾಲೇಜು ಬಿಡಿಸುವ ಮಾತಾಡಲು ನನ್ನ ಬಳಿ ಬಂದರು. ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋಗಿ, ಬೇಸಿಗೆಯವರೆಗೆ ಅವರಿವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವುದು ಅವರ ರೂಢಿ. ಜೊತೆಗೆ ಹೋಗುತ್ತಿದ್ದ ತಾಯಿಗೆ ಈ ಸಲ ಮೊಣಕಾಲು ನೋವಿನಿಂದ ನಡೆಯಲಾಗುತ್ತಿರಲಿಲ್ಲ.

“ಹುಡುಗಿ ಶ್ಯಾಣೇಕಿ ಅದಾಳ್ರಿ, ನನಗೂ ತಿಳೀತೈತಿ. ಆದ್ರ ಮರಿ ಯಾರ್ ನೋಡ್ಬೇಕ್ರಿ?”

ಫೆಬ್ರುವರಿಯ ಪ್ರಾಕ್ಟಿಕಲ್ ತಪ್ಪಿದರೆ ಇವಳ ಸೈನ್ಸ್ ಅಲ್ಲಿಗೇ ಮುಗಿಯಿತು ಎಂದೆ. ಮೂರ್ಖ ನಾನು, ಮತ್ತೆ ಕಥೆ ತೆಗೆದೆ. ಆ ವೈದ್ಯನ ಊರು ಬೆಳೆದದ್ದೇ ಉಣ್ಣೆ ಬಟ್ಟೆಯ ವ್ಯಾಪಾರದಿಂದ, ನಿಮ್ಮಂಥವರ ಕುರಿಯಿಂದಲೇ ಅಂಥ ವಿಜ್ಞಾನಿ ಎದ್ದುಬಂದ ಎಂದೆ. ಅಪ್ಪ ತಲೆಯಾಡಿಸಿದರು. ಹುಡುಗಿ ಬಾಯಿ ಬಿಟ್ಟಳು.

“ಆ ವೈದ್ಯರ ಅಪ್ಪ ಕುರಿ ಕಾಯ್ತಿದ್ರೇನ್ರಿ ಸರ್?”

“ಇಲ್ಲವ್ವಾ. ಊರಿನ ದೊಡ್ಡ ಅಧಿಕಾರಿ ಇದ್ರು.”

“ಮತ್ತ ಕುರಿ ಕಾಯೋರ ಮಕ್ಕಳು ಏನ್ ಆದ್ರು ಸರ್?”

ನಾನು ಓದಿದ ಪುಸ್ತಕಗಳಲ್ಲಿ ಅವರ ಸುದ್ದಿಯೇ ಇಲ್ಲ. ಪರೀಕ್ಷೆ ಮುಗಿಯುವತನಕ ನಮ್ಮ ಮನೆಯಲ್ಲಿರಲಿ ಎಂದು ಹೇಳಬಹುದಿತ್ತು. ಎರಡು ಕೋಣೆಯ ಮನೆ, ಹೆಂಡತಿ ಏನನ್ನುತ್ತಾಳೋ, ಜನ ಏನನ್ನುತ್ತಾರೋ. ಅವರು ಕೈಮುಗಿದು ಹೋದರು.

ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳ ನಂಬರನ್ನು ಎರಡು ಸಲ ಕೂಗಿದರು. ಅದರ ಮುಂದೆ ಗೈರುಹಾಜರಿ ಎಂದು ಬರೆದು ಸಹಿ ಮಾಡಿದವನು ನಾನೇ.