ಬಾಲಪ್ಪ ಓದಿದ ಚೀಟಿ

ರಂಗಂಪೇಟೆಯ ಬಾಲಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನಿಗೆ ಓದಲು ಬರುತ್ತಿದ್ದದ್ದು ಕುರಿಯ ಕಿವಿ ಮಾತ್ರ. ತುದಿಯಲ್ಲಿ ಕಚ್ಚು ಕೊರೆದಿದ್ದರೆ ಇಂಥ ಮನೆತನದ್ದು, ಕೆಳಗೆ ತೂತಿದ್ದರೆ ಆ ಮನೆಯ ಕಿರಿಯನ ಪಾಲಿನದು. ಎರಡನ್ನೂ ಕೂಡಿಸಿದರೆ ಕುರಿ ಯಾರದೆಂದು ಹೇಳಬಹುದು. ದೇವರು ಕೊಟ್ಟ ಆ ಓದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನಿಜಾಮರ ಪಲ್ಟನ್ ಸೇರಿ ಮಲಯದ ಯುದ್ಧಕ್ಕೆ ಹೋದಾಗ ಜಪಾನಿಯರು ಅವನನ್ನು ಸೆರೆಹಿಡಿದರು. ಶಿಬಿರದಲ್ಲಿ ಪೆಟ್ಟಿಗೆ ಹೊರುವ ಕೆಲಸ. ಮೇಲಿನ ಜಪಾನಿ ಅಕ್ಷರ ತಿಳಿಯದೆ ತಪ್ಪು ಜಾಗಕ್ಕೆ ಇಳಿಸಿದರೆ ಒದೆ. ಮುದಿ ಕಾವಲುಗಾರನೊಬ್ಬ ಕನಿಕರಪಟ್ಟು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದ. ಒಂದೊಂದು ಅಕ್ಷರವೂ ಒಂದೊಂದು ಚಿತ್ರ. ಇದು ಮರ. ಎರಡು ಮರ ನಿಂತರೆ ತೋಪು, ಮೂರಾದರೆ ಕಾಡು. ಮರಕ್ಕೆ ಮನುಷ್ಯ ಒರಗಿದರೆ ವಿಶ್ರಾಂತಿ. ಬಾಲಪ್ಪ ಹಿಗ್ಗಿದ. ಇದೂ ಕಿವಿಯ ಗುರುತೇ!

ಜೊತೆಗಿದ್ದ ದೋರನಹಳ್ಳಿಯ ಅಯ್ಯಪ್ಪನಿಗೆ ಜ್ವರ ಬಂತೆಂದು ಅವನನ್ನು ಶಿಬಿರದ ದವಾಖಾನೆಗೆ ಹೊತ್ತೊಯ್ದರು. ಅವನೆಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಹೊಸ ಕಾವಲಿನವನು ಎರಡು ಅಕ್ಷರ ಬರೆದ ಚೀಟಿ ಕೊಟ್ಟ. ಯುದ್ಧ ಮುಗಿದು ಊರಿಗೆ ಬಂದ ಬಾಲಪ್ಪ ಅದನ್ನು ಅಯ್ಯಪ್ಪನ ಹೆಂಡತಿ ತಿಮ್ಮವ್ವನ ಮುಂದೆ ಬಿಚ್ಚಿದ.

"ನೋಡವ್ವಾ ತಂಗಿ, ಇದು ಔಷಧದ ಪೆಟಿಗಿ ಮ್ಯಾಲೆ ನೋಡಿದ್ದು, ಜಡ್ಡು. ಇನ್ನೊಂದನ್ನ ಜಪಾನಿ ಮುದುಕ ಕಲಿಸಿದಂಗ ಒಡದು ನೋಡಿದರ ಮ್ಯಾಲೊಂದು ಗೆರಿ, ಕೆಳಗ ಸಂಜಿ ಗುರುತು, ಬಾಜೂಕ ಚಮಚದ ಗುರುತು. ಜಡ್ಡಾಗಿ ಮಲಗ್ಯಾನ, ಸಂಜಿಕ ಉಣ್ಣಾಕ ಕೊಡಾಕತ್ತಾರ. ಬರ್ತಾನ."

"ಒಂದೇ ಹೊತ್ತೇನ್ರಿ ಅಣ್ಣಾ?"

"ಅವನ ಹೊಟ್ಟಿ ನಿನಗ ಗೊತ್ತದಲ್ಲ. ಕಸಗೊಂಡು ತಿಂತಾನ ತಗೋ."

ತಿಮ್ಮವ್ವ ನಕ್ಕಳು.

ಎರಡು ವರ್ಷ ಕಳೆದರೂ ಅಯ್ಯಪ್ಪ ಬರಲಿಲ್ಲ, ಸತ್ತಿರಬೇಕೆಂದು ಊರು ಆಡಿಕೊಂಡಿತು. ಗಂಡ ಸತ್ತವಳು ಉಡಿಕಿಯಲ್ಲಿ ಮತ್ತೊಬ್ಬನ ಕೈಹಿಡಿಯುವುದು ಅವರ ಕುಲದಲ್ಲಿ ರೂಢಿ. ಹೆಂಡತಿ ಸತ್ತ ಅಂಬ್ರಪ್ಪ ಒಳ್ಳೆಯವನು, ಕೇಳಿ ಬಂದ.

"ಉಣ್ಣಾಕತ್ತೋನ ಹೆಣ್ತೀನ ಉಡಿಕಿ ಕೇಳಾಕ ನಾಚಿಕಿ ಬರಂಗಿಲ್ಲೇನು?" ಎಂದಳು ತಿಮ್ಮವ್ವ.

ಹಿರಿಯರು ಬಾಲಪ್ಪನನ್ನು ಕರೆಸಿದರು. ಅವನು ಬೀರದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿ, ಅಯ್ಯಪ್ಪ ಬದುಕಿದ್ದಾನೆ ಎಂದ. ಅಂಬ್ರಪ್ಪ ಬೇರೆ ಹೆಣ್ಣು ತಂದುಕೊಂಡ.

ನಿಜಾಮರ ಆಳ್ವಿಕೆ ಹೋಯಿತು, ಪಲ್ಟನ್ ಚದುರಿತು. ಇನ್ನೂ ಮೂರು ವರ್ಷ ಕಳೆದ ಮೇಲೆ, ಅದೇ ಪಲ್ಟನ್ನಿನಲ್ಲಿ ಕೆಲಸ ಕಳೆದುಕೊಂಡ ಜಲಾಲುದ್ದೀನ ಹೈದರಾಬಾದಿನಿಂದ ಶಹಾಪುರಕ್ಕೆ ಮರಳಿದ. ಬಾಲಪ್ಪನ ಜೊತೆ ಸೆರೆಯಲ್ಲಿದ್ದಾಗ ಅವನು ಶಿಬಿರದ ದವಾಖಾನೆ ಗುಡಿಸುತ್ತಿದ್ದವನು. ಬಾಲಪ್ಪ ತಿಮ್ಮವ್ವನಿಂದ ಚೀಟಿ ಕೇಳಿ ತಂದು, ತನ್ನ ಓದನ್ನು ಹೆಮ್ಮೆಯಿಂದ ಒಪ್ಪಿಸಿದ.

ಜಲಾಲುದ್ದೀನ ಚೀಟಿಯ ಮೇಲೆ ಬೆರಳಿಟ್ಟ. "ಹಿಂಗ ಒಡದು ಓದಬ್ಯಾಡ ಭಾಯ್. ಈ ಬರಹ ಹೆಣದ ಕಾಲಿಗೆ ದಿನಾ ಕಟ್ಟೀನಿ ನಾ. ಜಡ್ಡಿಲೆ ಸತ್ತಾನ ಅಂತ."

"ಸಂಜಿ ಅದಲ್ಲೋ ಇದರಾಗ!"

"ಇದ್ದೀತು. ಹೆಣಕ್ಕ ಸಂಜಿ ಆದರೇನು, ಮುಂಜಾನಿ ಆದರೇನು?"

ಬಾಲಪ್ಪ ದೋರನಹಳ್ಳಿಗೆ ನಡೆದ. ತಿಮ್ಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದ. ಮೊರ ಅವಳ ಕೈಯಲ್ಲೇ ಉಳಿಯಿತು.

"ಯಾವತ್ತು?"

"ದಿನ ಬರದಿಲ್ಲವ್ವಾ."

"ಹಂಗಾರ ಇವತ್ತೇ."

ಎದ್ದು ಹೋಗಿ ಹೊಸ್ತಿಲ ಕಲ್ಲಿಗೆ ಎರಡೂ ಕೈ ಬಡಿದಳು. ಬಳೆಯ ಸದ್ದಿಗೆ ನೆರೆಮನೆಯ ಅಂಬವ್ವ ಓಡಿಬಂದಳು.

"ಯಾರು ಹೋದ್ರೇ?"

"ನನ್ನ ಗಂಡ. ಐದು ವರ್ಷ ಜ್ವಾಕಿ ಮಾಡಿ ಜೀವಂತ ಇಟ್ಟಿದ್ದ ಈ ಅಣ್ಣ, ಇವತ್ತ ಕೊಂದು ಬಂದಾನ."

ಊರವರು ಸೇರಿ ಕಟ್ಟೆಯ ಮೇಲೆ ಕೂತರು. ಬಾಲಪ್ಪನೂ ಕೂಡಲು ಹೋದ. ಯಾರೂ ಸರಿದು ಜಾಗ ಕೊಡಲಿಲ್ಲ.