ಎಡೆಗೆ ಮುಂಚಿನ ಹೋಳಿಗೆ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ದೇವರಿಗೆ ಎಡೆ ಹಿಡಿಯುವ ಮೊದಲು ಯಾರೂ ಒಂದು ಅಗುಳನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅವ್ವ ನಾಲಿಗೆಗೆ ತಾಗಿಸಿಯೂ ನೋಡುತ್ತಿರಲಿಲ್ಲ, ಬರೀ ವಾಸನೆಯ ಮೇಲೆ ಹೇಳುತ್ತಿದ್ದಳು. ನಾನು ಸಣ್ಣವಳಿದ್ದಾಗ ಒಮ್ಮೆ ಹೂರಣದ ಪಾತ್ರೆಗೆ ಬೆರಳು ಹಾಕಿ ನೆಕ್ಕಿದೆ. ಅವ್ವ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಷ್ಟೂ ಹೂರಣವನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, ಹೊಸದಾಗಿ ಬೇಳೆ ಬೇಯಲು ಇಟ್ಟಳು. ಅಂದು ನಾವು ಉಣ್ಣಲು ಕೂತಾಗ ಮೂರು ಗಂಟೆ ದಾಟಿತ್ತು.

ನಮ್ಮದು ಲಿಂಗಾಯತರ ಮನೆ, ಅಪ್ಪನದು ಮೆಣಸಿನಕಾಯಿ ವ್ಯಾಪಾರ. ನರ್ಸಿಂಗ್ ಕಲಿಯಲು ಕೊಲ್ಹಾಪುರಕ್ಕೆ ಹೋದವಳು ಅಲ್ಲಿ ಯೇಸುಸ್ವಾಮಿಯನ್ನು ನಂಬಿದೆ. ಹೇಗೆ ಎಂದು ಕೇಳಿದವರಿಗೆ ನೆಟ್ಟಗೆ ಉತ್ತರ ಕೊಡಲು ನನಗೆ ಇವತ್ತಿಗೂ ಬರುವುದಿಲ್ಲ. ಗೆಳತಿಯ ಜೊತೆ ಪ್ರಾರ್ಥನೆಗೆ ಹೋದೆ, ಮತ್ತೆ ಹೋದೆ, ಒಂದು ದಿನ ಅದು ನನ್ನದೇ ಆಗಿತ್ತು. ದೀಕ್ಷಾಸ್ನಾನ ಆದಮೇಲೆ ಊರಿಗೆ ಬಂದು, ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಅವ್ವನ ಕೈಯಲ್ಲಿಟ್ಟೆ. "ಅವ್ವಾ, ಇನ್ನ ಮ್ಯಾಲ ನನಗ ಮೊದ್ಲ ಸ್ವಾಮಿ. ನೀವೆಲ್ಲಾ ಆಮ್ಯಾಲ," ಎಂದೆ. ಅವ್ವ ಅದನ್ನು ಸೆರಗಿನಲ್ಲಿ ಹಿಡಿದು ದೇವರ ಜಗಲಿಯ ಮೇಲಿಟ್ಟಳು. ಅಪ್ಪ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಮುಂದೆ ನಮ್ಮ ಚರ್ಚಿನ ಸಭೆಯವನನ್ನೇ ಮದುವೆಯಾಗಿ ಇಚಲಕರಂಜಿಗೆ ಬಂದೆ. ನನ್ನ ಗಂಡ ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡುತ್ತಾನೆ, ನಾನು ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೇರೆ ದೇವರಿಗೆ ಹಿಡಿದ ಎಡೆಯನ್ನು ಉಣ್ಣುವುದಿಲ್ಲ ಎಂಬುದು ನನ್ನ ನೇಮ. ಹಬ್ಬಕ್ಕೆ ತವರಿಗೆ ಹೋದರೆ ಬರೀ ಚಹಾ ಕುಡಿದು ಬರುತ್ತಿದ್ದೆ. ನಮ್ಮ ಸಭೆಯಲ್ಲಿ ಇದನ್ನು ಇಷ್ಟು ಬಿಗಿಯಾಗಿ ಹಿಡಿದವಳು ನಾನೊಬ್ಬಳೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವುದು ಸುಳ್ಳಲ್ಲ. ಅವ್ವನಿಗೆ ಮಾತ್ರ ಒಂದೇ ಆಸೆಯಿತ್ತು, ಹಬ್ಬದ ದಿನ ನಾನು ಅವಳ ಕೈಯಡುಗೆ ಉಣ್ಣಬೇಕು. ಅದನ್ನು ಅವಳು ವರ್ಷ ವರ್ಷವೂ ಬಾಯಿಬಿಟ್ಟು ಹೇಳುತ್ತಿದ್ದಳು.

ಆರೇಳು ವರ್ಷದ ಹಿಂದೆ, ಶ್ರಾವಣದ ಕಡೆಯ ಸೋಮವಾರ ಹೋಗಿದ್ದೆ. ಅವ್ವ ಅಡುಗೆಮನೆಯಿಂದ ಒಂದು ತಾಟು ತಂದು ನನ್ನ ಮುಂದಿಟ್ಟಳು. ಎರಡು ಹೋಳಿಗೆ, ಮೇಲೆ ತುಪ್ಪ, ಬಟ್ಟಲಲ್ಲಿ ಕಟ್ಟಿನ ಸಾರು.

"ಉಣ್ಣು, ನನ್ನವ್ವ."

"ನಿನಗ ಗೊತ್ತೈತಲ್ಲ ಅವ್ವಾ."

"ಗೊತ್ತೈತಿ. ಎಡಿ ಹಿಡಿಯೂಕಿಂತ ಮೊದ್ಲ ನಿನ್ನ ಪಾಲ ತಗದ ಇಟ್ಟೀನಿ. ಇದನ್ನ ಯಾವ ದೇವರಿಗೂ ತೋರ್ಸಿಲ್ಲ."

ನಾನು ನಂಬಲಿಲ್ಲ. ಒಂದು ಬೆರಳು ಹೂರಣಕ್ಕಾಗಿ ಇಡೀ ಪಾತ್ರೆ ಸುರಿದವಳು ಇವಳು. ಹೇಗಾದರೂ ಮಾಡಿ ನನಗೆ ಪ್ರಸಾದ ಉಣ್ಣಿಸಲು ನೋಡುತ್ತಿದ್ದಾಳೆ ಎನಿಸಿ ಸಿಟ್ಟು ಬಂತು.

"ಸುಳ್ಳ ಹೇಳಬ್ಯಾಡ. ನೀ ಅಂಥಾದ ಮಾಡಾಕಿ ಅಲ್ಲ."

ಅವ್ವ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಗೋಡೆಯ ಕಡೆ ಸರಿಸಿದಳು. ನಾನು ಬ್ಯಾಗ್ ಎತ್ತಿಕೊಂಡು ಸ್ಟ್ಯಾಂಡಿಗೆ ನಡೆದೆ. ಎಸ್‌ಟಿ ಬಸ್ಸಿನಲ್ಲಿ ನಿಪ್ಪಾಣಿ ಬರುವವರೆಗೂ ಸ್ವಾಮಿಗೆ ಸ್ತೋತ್ರ ಹೇಳುತ್ತಿದ್ದೆ, ನನ್ನನ್ನು ಗಟ್ಟಿಯಾಗಿ ನಿಲ್ಲಿಸಿದ್ದಕ್ಕೆ. ಪರೀಕ್ಷೆ ಪಾಸಾದ ಹುಡುಗಿಯಷ್ಟು ಖುಷಿಯಾಗಿದ್ದೆ, ಇದನ್ನು ಮುಚ್ಚಿಟ್ಟು ಏನು ಬಂತು?

ಎರಡು ವರ್ಷದ ಮೇಲೆ ತಮ್ಮನ ಹೆಂಡತಿ ಕಿಡ್ನಿ ಕಲ್ಲಿನ ಆಪರೇಷನ್ನಿಗೆ ನಮ್ಮ ಆಸ್ಪತ್ರೆಗೇ ಬಂದಳು. ಮೂರನೇ ದಿನ ನಾನು ಅವಳ ಜ್ವರ ನೋಡುತ್ತಿದ್ದಾಗ ಹೇಳಿದಳು: "ಅಕ್ಕಾರ, ಆವತ್ತ ಅತ್ತಿ ನಿಮಗ ಖರೇನ ಮೊದ್ಲ ತಗದಿದ್ರು ನೋಡ್ರಿ. ನಾ ಅಲ್ಲೇ ಇದ್ನಿ. ಮೀಸಲ ಮುರೀತು ಅಂತ ಆ ಹೋಳಿಗಿ ದೇವರಿಗೆ ಹಿಡೀಲೇ ಇಲ್ರಿ. ಸಕ್ರಿ, ಬಾಳಿಹಣ್ಣ ಇಟ್ಟ ಕೈ ಮುಗದ್ರು. ನಾವೆಲ್ಲಾ ಉಂಡ್ವಿ, ಅವ್ರ ಉಣ್ಲಿಲ್ಲ."

"ನನ್ನ ತಾಟು?" ಎಂದೆ.

"ಎಮ್ಮಿಗೆ ಹಾಕಿದ್ರು."

ನಾನು ಜ್ವರದ ಅಂಕಿಯನ್ನು ಚಾರ್ಟಿನಲ್ಲಿ ಬರೆದೆ. ಮುಂದಿನ ಬೆಡ್ಡಿಗೆ ಹೋದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಮನೆಗೆ ಹೋಗಿ ಚಪಾತಿ ಮಾಡಿದೆ, ಗಂಡನಿಗೆ ಬಡಿಸಿದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡಲಿಲ್ಲ. ಜೋಮು ಹಿಡಿದ ಕಾಲಿನಂತೆ ಎದೆ ಇದ್ದಲ್ಲಿಯೇ ಇತ್ತು, ಅದು ನನ್ನದು ಎನಿಸಲಿಲ್ಲ. ಆ ಜೋಮು ಇನ್ನೂ ಪೂರ್ತಿ ಬಿಟ್ಟಿಲ್ಲ. ನಂಬಿದ್ದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸ್ವಾಮಿ ಮೊದಲು ಎಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಅವ್ವನನ್ನು ಸುಳ್ಳುಗಾತಿ ಎಂದದ್ದು ಸ್ವಾಮಿಗಾಗಿ ಅಲ್ಲ, ಅದು ನನ್ನ ಸೊಕ್ಕು. ಅದನ್ನು ಅವಳೆದುರು ಒಪ್ಪಿಕೊಳ್ಳಲು ನನಗೆ ಮತ್ತೂ ಮೂರು ಶ್ರಾವಣ ಬೇಕಾದವು.

ಹೋದ ವರ್ಷ ರಜೆ ಹಾಕಿ ಅದೇ ಸೋಮವಾರ ಬೆಳಿಗ್ಗೆಯೇ ಗಡಹಿಂಗ್ಲಜಕ್ಕೆ ಹೋದೆ. ಅವ್ವ ಒಲೆಯ ಮುಂದಿದ್ದಳು, ಹೆಂಚಿನ ಮೇಲೆ ಮೊದಲ ಹೋಳಿಗೆ ಬೇಯುತ್ತಿತ್ತು. ಅವಳ ಪಕ್ಕದಲ್ಲಿ ಕೂತೆ.

"ಅವ್ವಾ, ಆವತ್ತ ನೀ ಖರೇ ಹೇಳಿದ್ದಿ. ನನ್ನದ ತಪ್ಪಾತು. ಇವತ್ತ ಒಂದ ಹೋಳಿಗಿ ಮೊದ್ಲ ತಗದ ಕೊಡು, ಉಣ್ತೀನಿ."

ಅವ್ವ ಹೋಳಿಗೆ ಮಗುಚಿ ಹಾಕಿದಳು.

"ಇಲ್ಲವ್ವ. ನಿನ್ನ ಸಲುವಾಗಿ ಒಮ್ಮೆ ದೇವರನ್ನ ಹಿಂದ ಹಾಕಿದ್ದೆ. ಆಮ್ಯಾಲ ನನ್ನ ಜೀವಕ್ಕ ಭಾಳ ಕೆಟ್ಟ ಅನಸ್ತು. ನೀ ಅಂದದ್ದ ಖರೇ ಐತಿ. ಮೊದ್ಲ ದೇವ್ರು, ಆಮ್ಯಾಲ ಮಕ್ಳು."

ಅವಳ ದನಿಯಲ್ಲಿ ಚುಚ್ಚುಮಾತೇನಾದರೂ ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಜಗಳವಾಡಬಹುದಿತ್ತು, ಅಳಲೂಬಹುದಿತ್ತು. ಇರಲಿಲ್ಲ. "ಹೂಂ" ಎಂದೆ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಎದ್ದು ಪಡಸಾಲೆಗೆ ಬಂದು ಕೂತೆ. ಒಳಗೆ ಪೂಜೆಯ ಗಂಟೆ ಕೇಳಿಸಿತು. ತಮ್ಮ, ಅವನ ಹೆಂಡತಿ, ಮಕ್ಕಳು ಸಾಲಾಗಿ ಉಣ್ಣಲು ಕೂತರು. ಈ ಸಲ ನನ್ನನ್ನು ಯಾರೂ ಕರೆಯಲಿಲ್ಲ.