ಅತ್ತೆ ಹಾಕಿದ ನೀರು

ನನ್ನ ತಮ್ಮ ಹುಟ್ಟಿದ ಮಳೆಗಾಲದಲ್ಲಿ ತುಂಗಭದ್ರೆ ದಂಡೆ ಮೀರಿ ಹರಿಯುತ್ತಿದ್ದಳು. ಗಂಗಾವತಿಯಲ್ಲಿ ಆಗ ನಮ್ಮಂಥ ಕ್ರೈಸ್ತರ ಮನೆಗಳು ಕೆಲವೇ. ಪಾದ್ರಿ ಅಯ್ಯನವರು ಹೊಳೆಯಾಚೆಯಿಂದ ಹರಿಗೋಲಿನಲ್ಲಿ ಬರಬೇಕು. ಹೊಳೆ ತುಂಬಿತೆಂದರೆ ಅವರ ಬರವೂ ನಿಂತಂತೆಯೇ.

ಹೆರಿಗೆ ಮಾಡಿಸಿದವಳು ನನ್ನ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಮಿಶನ್ ದವಾಖಾನೆಯಲ್ಲಿ ಆ ಕೆಲಸ ಕಲಿತು ಬಂದು ನಮ್ಮ ಮನೆಯಲ್ಲೇ ಇದ್ದಳು. ಕೂಸು ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಅತ್ತೆ ಬೆನ್ನು ತಿಕ್ಕಿದಳು, ಬಾಯಿಗೆ ಉಸಿರೂದಿದಳು. ಇನ್ನು ಉಳಿಯುವುದಿಲ್ಲ ಎನಿಸಿದಾಗ ತಂಬಿಗೆಯ ನೀರನ್ನು ಬೊಗಸೆಗೆ ಸುರಿದುಕೊಂಡು, ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿ ಅದರ ನೆತ್ತಿಯ ಮೇಲೆ ಹಾಕಿದಳು. ತಣ್ಣೀರು ತಾಗಿದ್ದೇ ತಡ, ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನೂ ಚೀರಿದೆ.

ಎಲ್ಲರೂ ನಕ್ಕರು, ದೊಡ್ಡಪ್ಪನೊಬ್ಬನನ್ನು ಬಿಟ್ಟು. ಅವನು ನಮ್ಮ ಚರ್ಚಿನ ಸಭೆಯ ಹಿರಿಯ.

"ಹೆಣ್ಣಮಗಳು ನೀರು ಹಾಕಿದ್ರ ಅದು ಜಳಕ ಆಗತೈತಿ, ದೀಕ್ಷಾಸ್ನಾನ ಆಗಂಗಿಲ್ಲ. ಅಯ್ಯನವ್ರು ಬಂದು ಇನ್ನೊಮ್ಮೆ ಕೊಡ್ಲಿ" ಎಂದ.

ಹೊಳೆ ಇಳಿದ ಮೇಲೆ ಅಯ್ಯನವರು ಬಂದರು. ದೊಡ್ಡಪ್ಪ ಹಿತ್ತಾಳೆಯ ಪರಾತವನ್ನು ಬೆಳಗಿಸಿ ನೀರು ತುಂಬಿಸಿಟ್ಟಿದ್ದ. ಅಯ್ಯನವರು ಅತ್ತೆಯನ್ನು ಕರೆದು, "ಏನಂತ ಹೇಳಿ ನೀರು ಹಾಕಿದ್ರಿ ತಂಗೀ?" ಎಂದರು. ಅತ್ತೆ ಅಂಜುತ್ತಲೇ ಹೇಳಿದಳು.

"ಹಂಗಾದ್ರ ಆಗೇ ಹೋತಲ್ಲ! ದೀಕ್ಷಾಸ್ನಾನ ಒಮ್ಮೆ ಮಾತ್ರ. ಎರಡನೇ ಸಲ ಕೊಡಾಕ ನನಗೂ ಬರಂಗಿಲ್ಲ."

"ಆಕಿ ಹೆಣ್ಣಮಗಳು ಅಲ್ಲೇನ್ರಿ?" ದೊಡ್ಡಪ್ಪ ಬಿಡಲಿಲ್ಲ.

"ಸಾಯೋ ಕೂಸಿಗೆ ಯಾರು ಕೊಟ್ರೂ ನಡೀತೈತ್ರಿ."

ಹೋಳಿಗೆಗೆ ಕಣಕ ನಾದುತ್ತಿದ್ದ ಅಜ್ಜಿ ಒಳಗಿನಿಂದಲೇ ಕೇಳಿದಳು: "ಸಾಯೋ ಕೂಸಿಗೆ ನಡಿಯೂದು ಬದುಕೋ ಕೂಸಿಗೆ ಯಾಕ ನಡಿಯಂಗಿಲ್ರಿ ಅಯ್ಯನವರ? ದೇವರ ಮುಂದ ಗಂಡು ಹೆಣ್ಣು ಭೇದ ಇಲ್ಲಂತ ನೀವ ಹೇಳ್ತೀರಲ್ರಿ?"

ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗ ಉತ್ತರ ಗೊತ್ತಿಲ್ಲಬೇ ಯವ್ವಾ. ಮ್ಯಾಲಿನವ್ರನ್ನ ಕೇಳ್ತೀನಿ."

ಮೇಲಿನವರನ್ನು ಅವರು ಕಾಗದ ಬರೆದು ಕೇಳಿದರಂತೆ. ಅಲ್ಲಿಂದಲೂ ಉತ್ತರ ಬರಲಿಲ್ಲ. ಆದರೆ ಉತ್ತರಕ್ಕೆ ಕಾಯದೆ ಆ ಭಾನುವಾರವೇ ಆರಾಧನೆಯಲ್ಲಿ ಅತ್ತೆಯನ್ನು ತಮ್ಮ ಪಕ್ಕಕ್ಕೆ ಕರೆದು, ಕೂಸನ್ನು ಅವಳ ಕೈಗೆ ಕೊಟ್ಟು, ಆಶೀರ್ವಾದದ ಪ್ರಾರ್ಥನೆಯನ್ನು ಅವಳಿಂದಲೇ ಮಾಡಿಸಿದರು. ದೊಡ್ಡಪ್ಪ ಮಾಡಿನ ಜಂತಿ ನೋಡುತ್ತ ನಿಂತಿದ್ದ. ಎಲ್ಲರೊಂದಿಗೆ ಅವನ ಬಾಯಿಂದಲೂ "ಆಮೆನ್" ಬಂದುಬಿಟ್ಟಿತು.

ಮುಂದೆ ಹೊಳೆ ತುಂಬಿದಾಗಲೆಲ್ಲ ಅತ್ತೆಯೇ ಆರಾಧನೆ ನಡೆಸತೊಡಗಿದಳು. ಅಯ್ಯನವರು ನಿಲ್ಲುವ ಕಟ್ಟೆಯ ಮೇಲೆ ಮಾತ್ರ ಹತ್ತಬಾರದೆಂದು ದೊಡ್ಡಪ್ಪನ ಕರಾರು. ನನಗೆ ಸಿಟ್ಟು ಬಂತು. ಅತ್ತೆಗೆ ಬರಲಿಲ್ಲ. "ಇರಲಿ ಬಿಡು, ತೆಳಗ ನಿಂತ್ರ ನಿಮ್ಮ ಮಾರಿ ಛಲೋ ಕಾಣ್ತಾವ" ಎಂದಳು.

ಅವಳಿಗೆ ಪಾದ್ರಿಯ ಅಭಿಷೇಕ ಕೊನೆಗೂ ಆಗಲಿಲ್ಲ. ಆದರೆ ಅವಳ ಬೋಧನೆ ಚಿಕ್ಕದು, ನಗು ತುಂಬಿದ್ದು. ಹೊಳೆ ಇನ್ನೂ ಸ್ವಲ್ಪ ದಿನ ಇಳಿಯದಿರಲಿ ಎಂದು ನಾವು ಹುಡುಗಿಯರು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆವು.